ಪ್ರಾಚೀನೇತಿಹಾಸದ ಹವ್ಯಾಸಿಗಳೂ ಅಂತರ್ಜಾಲ ಪತ್ರಿಕೆಯೂ

ಪ್ರಾಚೀನೇತಿಹಾಸವನ್ನು ಜೀವನೋಪಾಯವಾಗಿ ಕೈಕೊಳ್ಳದೆ, ಕೇವಲ ಅಭಿರುಚಿಯಿಂದ ಅದರ ಬೆನ್ನು ಹತ್ತಿರುವ ಜನರು ಈಗ ಕನ್ನಡ ನಾಡಿನ ಜಿಲ್ಲೆ ಜಿಲ್ಲೆಗಳಲ್ಲಿಯೂ ಕಾಣಬರುತ್ತಲಿರುವರು. ಅವರಲ್ಲಿ ಉಪಾಧ್ಯಾಯರುಂಟು, ವಕೀಲರುಂಟು, ಇಂಜಿನಿಯರರುಂಟು, ಬ್ಯಾಂಕಿನ ಗುಮಾಸ್ತರುಂಟು, ಒಕ್ಕಲುತನ ಮಾಡುವವರುಂಟು. ಭಾನುವಾರ ಬಂದಿತೆಂದರೆ ಕೈಯಲ್ಲಿ ಫೋನನ್ನು ಹಿಡಿದು, ಬೇಲಿಯ ಮರೆಯಲ್ಲಿ ಒರಗಿರುವ ವೀರಗಲ್ಲನ್ನೋ ಕೆರೆಯ ತೂಬಿನ ಬಳಿ ಹೂತುಹೋಗಿರುವ ಶಾಸನವನ್ನೋ ಅರಸುತ್ತ ಹೊರಡುವರು. ಇಂಥವರ ಬರಹಗಳಿಗೆಂದೇ ಅಂತರ್ಜಾಲದಲ್ಲಿ ಪತ್ರಿಕೆಯೊಂದನ್ನು ಹೊರಡಿಸಬೇಕೆಂಬ ಮಾತು ಹಲವು ಕಡೆಗಳಿಂದ ಕೇಳಿಬರುತ್ತಿದೆ. ಸಂಕಲ್ಪವು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕಾಗದದ ಖರ್ಚಿಲ್ಲ, ಅಚ್ಚಿನ ಖರ್ಚಿಲ್ಲ, ಟಪಾಲಿನ ಖರ್ಚಿಲ್ಲ ಎಂಬ ಒಂದೇ ಕಾರಣದಿಂದ ಪತ್ರಿಕೆಯನ್ನು ಹುಟ್ಟಿಸಿದರೆ ಅದು ಬದುಕುವುದು ಹೇಗೆ, ಬದುಕಿ ಮಾಡಬೇಕಾದುದೇನು ಎಂಬುದನ್ನು ಮೊದಲೇ ವಿಚಾರಿಸುವುದು ಒಳಿತು.

ಇಲ್ಲಿ ಮೊದಲು ಏಳುವ ಪೂರ್ವಪಕ್ಷವು ಇದು: “ಲಿಪಿಶಾಸ್ತ್ರ, ಭಾಷಾಶಾಸ್ತ್ರ, ಉತ್ಖನನವಿದ್ಯೆ ಇವುಗಳಲ್ಲಿ ಕ್ರಮವಾದ ಶಿಕ್ಷಣವಿಲ್ಲದವರಿಗೆ ಸಂಶೋಧಕರೆಂಬ ಹೆಸರೇ ಸಲ್ಲದು, ಅವರಿಗೊಂದು ಪತ್ರಿಕೆಯನ್ನು ಮಾಡಿಕೊಟ್ಟರೆ ಅಪಸಿದ್ಧಾಂತಗಳಿಗೆ ಛತ್ರ ಕಟ್ಟಿಸಿದಂತಾಗುವುದು.” ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಮುಂದೆ ನೋಡಬಹುದು. ಉಳಿದ ಅರ್ಧವು ಭಾರತದ ಪ್ರಾಚೀನೇತಿಹಾಸವು ಬೆಳಕಿಗೆ ಬಂದ ಬಗೆಯನ್ನೇ ಮರೆತು ಆಡಿದ ಮಾತು. ಆ ಬೆಳಕನ್ನು ತಂದವರಲ್ಲಿ ಬಹುಮಂದಿ ಹವ್ಯಾಸಿಗಳು; ಅವರಿಗೆ ದೀಪದ ಕಂಬವಾಗಿ ನಿಂತದ್ದು ಒಂದು ಮಾಸಪತ್ರಿಕೆ.

ಜೇಮ್ಸ್ ಪ್ರಿನ್ಸೆಪ್ ಎಂಬವರು ಕಲ್ಕತ್ತೆಯ ಟಂಕಸಾಲೆಯಲ್ಲಿ ಬೆಳ್ಳಿಬಂಗಾರಗಳ ಶುದ್ಧಿಯನ್ನು ಪರೀಕ್ಷಿಸುವ ಅಧಿಕಾರಿಗಳಾಗಿದ್ದರು. ೧೮೨೯ರಲ್ಲಿ ಹರ್ಬರ್ಟ್ ಎಂಬ ಸೇನಾಧಿಕಾರಿಯು ಆರಂಭಿಸಿದ್ದ, ವಿಜ್ಞಾನ ವಿಷಯಕವಾದ ಸಣ್ಣ ಪತ್ರಿಕೆಯೊಂದನ್ನು ಅವರು ವಹಿಸಿಕೊಂಡು, ೧೮೩೨ರಿಂದ ಅದನ್ನು ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಹೆಸರಿನಲ್ಲಿ ನಡೆಯಿಸಿದರು. ಅದಕ್ಕೆ ಬರೆಯುತ್ತಿದ್ದವರು ಯಾರು? ದಂಡಿನ ಕಪ್ತಾನರು, ವೈದ್ಯರು, ಕಾಲುವೆ ತೋಡಿಸುವ ಇಂಜಿನಿಯರರು. ಒಬ್ಬನು ನಾಣ್ಯವೊಂದನ್ನು ಕಳುಹಿಸುವನು, ಇನ್ನೊಬ್ಬನು ಕಂಬದ ಮೇಲಿನ ಬರಹದ ಪ್ರತಿಯನ್ನು ಕಳುಹಿಸುವನು. ಅದರ ಅರ್ಥವು ಕಳುಹಿಸಿದವನಿಗೂ ತಿಳಿಯದು, ಅಚ್ಚು ಹಾಕಿದವರಿಗೂ ತಿಳಿಯದು. ತಿಳಿಯದಿದ್ದರೂ ಪ್ರಿನ್ಸೆಪ್ಪರು ಅದನ್ನು ಇದ್ದಂತೆಯೇ ಚಿತ್ರಫಲಕವಾಗಿ ಅಚ್ಚು ಹಾಕಿದರು. ಎಷ್ಟೋ ಫಲಕಗಳನ್ನು ತಾವೇ ಕುಳಿತು ಬರೆದರು. ಈ ಒಂದು ಅಭ್ಯಾಸದಿಂದ ಏನು ಫಲಿಸಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಪ್ರಕೃತ ವಿಚಾರದ ತಿರುಳೆಲ್ಲ ಇದರಲ್ಲಿಯೇ ಅಡಗಿದೆ.

೧೮೩೭ರಲ್ಲಿ ಎಡ್ವರ್ಡ್ ಸ್ಮಿತ್ ಎಂಬ ಕಪ್ತಾನನು ಸಾಂಚಿಯ ಸ್ತೂಪದ ಸುತ್ತಲಿನ ಕಲ್ಲಿನ ಕಟಾಂಜನದ ಮೇಲಿದ್ದ ಚಿಕ್ಕ ಚಿಕ್ಕ ಬರಹಗಳ ಪ್ರತಿಗಳನ್ನು ಕಳುಹಿಸಿದನು. ಅವುಗಳನ್ನು ಫಲಕಕ್ಕಾಗಿ ಜೋಡಿಸುತ್ತಿರುವಾಗ, ಬಹುಮಟ್ಟಿಗೆ ಎಲ್ಲ ಬರಹಗಳೂ ಒಂದೇ ಬಗೆಯ ಎರಡು ಅಕ್ಷರಗಳಿಂದ ಮುಗಿಯುತ್ತಿರುವುದು ಪ್ರಿನ್ಸೆಪ್ಪರ ಕಣ್ಣಿಗೆ ಬಿದ್ದಿತು. ದೇವಾಲಯದ ಕಟ್ಟಡಕ್ಕೆ ಒಬ್ಬೊಬ್ಬರು ಒಂದೊಂದು ಕಲ್ಲನ್ನು ಕೊಟ್ಟು ಹೆಸರು ಕೆತ್ತಿಸುವ ರೂಢಿಯನ್ನು ಅವರು ಬಲ್ಲವರು. ಹಾಗಾದರೆ ಕೊನೆಯ ಶಬ್ದವು “ದಾನಂ” ಎಂದಿರಬೇಕು. ಈ ಊಹೆಯಿಂದ ದಕಾರ ನಕಾರಗಳೂ ಅನುಸ್ವಾರವೂ ಸಿಕ್ಕಿದುವು. ಅದಕ್ಕೆ ಹಿಂದಿನ ಅಕ್ಷರವು ಷಷ್ಠೀ ವಿಭಕ್ತಿಯದೆಂದು ಸಕಾರವೂ ಸಿಕ್ಕಿತು. ಹೀಗೆ ಕೆಲವೇ ವಾರಗಳಲ್ಲಿ ಬ್ರಾಹ್ಮೀಲಿಪಿಯು ಬಾಯಿ ಬಿಟ್ಟಿತು. ಸಾಂಚಿಯ ಆ ಬರಹಗಳಲ್ಲಿ ಒಂದೇ ಒಂದು ಬಂದಿದ್ದರೆ ಈ ಗುಟ್ಟು ಬಯಲಾಗುತ್ತಿರಲಿಲ್ಲ. ಸಾಲಾಗಿ ಹಲವು ಬಂದುದರಿಂದಲೇ ಬಯಲಾಯಿತು.

ಅನಂತರ ದಿಲ್ಲಿಯ ಕಂಬದ ಬರಹವನ್ನು ಓದಿದಾಗ ಅದರಲ್ಲಿ “ದೇವಾನಂಪಿಯ ಪಿಯದಸಿ” ಎಂಬ ರಾಜನ ಬಿರುದು ದೊರೆಯಿತು. ಇವನು ಯಾರು? ಪ್ರಿನ್ಸೆಪ್ಪರು ಅವನನ್ನು ಸಿಂಹಳದ ಅರಸನೊಬ್ಬನೆಂದು ಎಣಿಸಿ ಹಾಗೆಯೇ ಅಚ್ಚು ಹಾಕಿದರು. ಅದು ತಪ್ಪು. ಆ ತಪ್ಪನ್ನು ಕಂಡವರು ಸಿಂಹಳದಲ್ಲಿ ಸರಕಾರದ ಉದ್ಯೋಗದಲ್ಲಿದ್ದು ಬಿಡುವಿನಲ್ಲಿ ಪಾಲೀ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್ ಎಂಬವರು. ಪಿಯದಸ್ಸಿಯೆಂಬುದು ಮೌರ್ಯನಾದ ಅಶೋಕನ ಹೆಸರೆಂದು ದೀಪವಂಸದಿಂದ ಅವರು ತೋರಿಸಿಕೊಟ್ಟರು. ತಪ್ಪು ಅಚ್ಚಾದ ಪತ್ರಿಕೆಯಲ್ಲಿಯೇ, ಆ ವರ್ಷವೇ, ತಿದ್ದುಪಡಿಯೂ ಅಚ್ಚಾಯಿತು. ಆದರೆ ಅದು ಗ್ರಂಥಾಧಾರ ಮಾತ್ರ. ಕಲ್ಲಿನ ಸಾಕ್ಷ್ಯವು ಎಪ್ಪತ್ತೆಂಟು ವರ್ಷ ಕಾಯಬೇಕಾಯಿತು. ೧೯೧೫ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿಯ ಇಂಜಿನಿಯರನು ಬಂಡೆಯೊಂದರ ಮೇಲೆ ಬರಹವನ್ನು ಕಂಡನು. ಅದರಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೇ ಇದ್ದಿತು. ಆ ಬಂಡೆಯನ್ನು ಓದಿ ಪ್ರಕಟಿಸಿದವರು ಪಂಡಿತರಾದ ಎಚ್. ಕೃಷ್ಣಶಾಸ್ತ್ರಿಗಳು. ಟಂಕಸಾಲೆಯ ಪರೀಕ್ಷಕ, ದಂಡಿನ ಕಪ್ತಾನ, ಸಿಂಹಳದ ಅಧಿಕಾರಿ, ಗಣಿಯ ಇಂಜಿನಿಯರ್ ಇವರಲ್ಲಿ ಇತಿಹಾಸದಿಂದ ಸಂಬಳ ತೆಗೆದುಕೊಂಡವನು ಒಬ್ಬನೂ ಇಲ್ಲ.

ಇದರಿಂದ ಹವ್ಯಾಸಿಗಳು ಪಂಡಿತರಿಗಿಂತ ಮೇಲೆಂದು ಸಾಧಿಸಿದಂತಾಗಲಿಲ್ಲ. ಸಾಧಿತವಾದುದು ಇಷ್ಟೇ: ಪ್ರಿನ್ಸೆಪ್ಪರ ಅಭಿಪ್ರಾಯವು ಬಿದ್ದುಹೋದರೂ ಅವರ ಫಲಕವು ಬೀಳಲಿಲ್ಲ. ಅವರು ಫಲಕವನ್ನು ಬಿಟ್ಟು ಅಭಿಪ್ರಾಯವನ್ನು ಮಾತ್ರ ಅಚ್ಚು ಹಾಕಿದ್ದರೆ ಟರ್ನರರಿಗೆ ತಿದ್ದುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ತರ್ಕಶಾಸ್ತ್ರವನ್ನು ಓದುವ ಹುಡುಗನಿಗೆ ಮೊದಲ ದಿನವೇ ಹೇಳಿಕೊಡುವ ಪಾಠವೂ ಇದೇ ಅಲ್ಲವೆ? ಬೆಟ್ಟದ ಮೇಲೆ ಬೆಂಕಿಯಿದೆಯೆನ್ನುವವನು ಮೊದಲು ಹೊಗೆಯನ್ನು ತೋರಿಸಬೇಕು. ಅವನು ಮಂಜನ್ನು ಹೊಗೆಯೆಂದು ಭ್ರಮಿಸಿರಬಹುದು, ಆದರೆ ತೋರಿಸಿದನಾದರೆ ಪಕ್ಕದಲ್ಲಿ ನಿಂತವನು ಅದು ಮಂಜೆಂದು ಹೇಳಬಲ್ಲನು. ಹವ್ಯಾಸಿಗಳ ಪತ್ರಿಕೆಯು ಈ ತೋರಿಸುವ ಕೆಲಸಕ್ಕಾಗಿ ಇರತಕ್ಕದ್ದು. ಅನುಮಾನವನ್ನು ಯಾರಾದರೂ ಮಾಡಿಯಾರು.

ಪಶ್ಚಿಮ ಭಾರತದಲ್ಲಿಯೂ ಕಥೆಯು ಬೇರೆಯಾಗಿರಲಿಲ್ಲ. ೧೮೭೨ರಲ್ಲಿ ಮುಂಬಯಿಯಲ್ಲಿ ‘ಇಂಡಿಯನ್ ಆಂಟಿಕ್ವರಿ’ಯನ್ನು ಆರಂಭಿಸಿದ ಜೇಮ್ಸ್ ಬರ್ಜೆಸ್ಸರು ಆಗ ಪುರಾತತ್ತ್ವ ಇಲಾಖೆಯವರಾಗಿರಲಿಲ್ಲ, ಅವರು ವಿದ್ಯಾಶಾಲೆಗಳಲ್ಲಿ ಕೆಲಸ ಮಾಡಿದವರು. ಮುಂದೆ ಅದರ ಸಂಪಾದಕತ್ವದಲ್ಲಿ ಭಾಗಿಗಳಾದ ಫ್ಲೀಟ್ ಸಾಹೇಬರು ಕಂದಾಯದ ಅಧಿಕಾರಿಗಳು. ಮೈಸೂರು ಸೀಮೆಯಲ್ಲಿ ಶಾಸನಗಳನ್ನು ಹುಡುಕಿದ ರೈಸ್ ಸಾಹೇಬರು ಮೊದಲಿಗೆ ಶಾಲೆಯ ಅಧ್ಯಾಪಕರು, ಆಮೇಲೆ ಶಾಲೆಗಳ ತನಿಖೆ ಮಾಡುವವರು. ಗಂಗ ಅರಸರ ತಾಮ್ರಪಟಗಳ ವಿಷಯವಾಗಿ ಫ್ಲೀಟರಿಗೂ ರೈಸರಿಗೂ ನಡೆದ ವಿವಾದವು ಇಂದಿಗೂ ಓದತಕ್ಕದ್ದಾಗಿದೆ. ಅವು ಕೃತ್ರಿಮವೆಂದು ಫ್ಲೀಟರು, ನಂಬತಕ್ಕವೆಂದು ರೈಸರು. ವಾದವು ವರ್ಷಗಟ್ಟಲೆ ನಡೆಯಿತು; ಮಾತು ಕೆಲವೆಡೆ ಖಾರವಾಯಿತು. ಆದರೆ ಪೆನುಕೊಂಡದ ತಾಮ್ರಪಟಗಳು ದೊರೆತಾಗ ಫ್ಲೀಟರು ಅವುಗಳನ್ನು ಪರೀಕ್ಷಿಸಿ, ೧೯೧೫ರಲ್ಲಿ, ಇವು ಅಕೃತ್ರಿಮವೆಂದು ಒಪ್ಪಿಕೊಂಡರು. ಮೂವತ್ತು ವರ್ಷ ಕೃತ್ರಿಮ ಶಾಸನಗಳ ಬೆನ್ನಟ್ಟಿದವರು ಹೀಗೆ ಒಪ್ಪಿದುದು ದೊಡ್ಡದು. ಅದಕ್ಕಿಂತಲೂ ಗಮನಿಸಬೇಕಾದುದೆಂದರೆ, ಇಬ್ಬರ ವಾದಗಳೂ, ಅಕ್ಷರಗಳ ಚಿತ್ರಗಳ ಸಮೇತ, ಓದುಗರ ಮುಂದೆ ಬಿಚ್ಚಿಕೊಂಡಿದ್ದುವು. ಯಾರು ಬೇಕಾದರೂ ತಮ್ಮ ಕಣ್ಣಿನಿಂದ ತೀರ್ಮಾನಿಸಬಹುದಾಗಿತ್ತು.

ಇವೆಲ್ಲ ಅಕ್ಷರವಿದ್ಯೆಯ ಮಾತಾಯಿತು. ನೆಲವನ್ನು ಅಗೆಯುವ ವಿದ್ಯೆಯಲ್ಲಿ ಹವ್ಯಾಸಿಯ ಗುಣಕ್ಕೆ ಸುರಪುರವೇ ಸಾಕ್ಷಿ. ಆ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರರು, ಠಕ್ಕರ ವಿಷಯದ ಕಾದಂಬರಿಯಿಂದ ಹೆಸರಾದವರೇ, ಜೇವರ್ಗಿಯ ಸುತ್ತಣ ಪ್ರಾಚೀನ ಗೋರಿಗಳನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಗೆಯಿಸಿದರು. ಅಗೆಯಿಸಿದಷ್ಟಕ್ಕೆ ಸುಮ್ಮನಾಗದೆ, ಮಣ್ಣಿನ ಯಾವ ಪದರದಲ್ಲಿ ಎಲುಬು, ಯಾವುದರಲ್ಲಿ ಮಡಕೆ ಎಂಬುದನ್ನು ಕತ್ತರಿಸಿದ ಹಲಸಿನ ಹಣ್ಣಿನಂತೆ ಒಳಗನ್ನು ತೋರಿಸುವ ಚಿತ್ರಗಳಲ್ಲಿ ಬರೆದಿಟ್ಟರು. ೧೯೪೭ರಲ್ಲಿ ಬ್ರಹ್ಮಗಿರಿಯನ್ನು ಅಗೆಯಿಸಿದ ವೀಲರ್ ಸಾಹೇಬರು, ಇತರರ ಕೆಲಸವನ್ನು ಸುಲಭವಾಗಿ ಮೆಚ್ಚುವ ಸ್ವಭಾವದವರಲ್ಲದಿದ್ದರೂ, ಈ ಚಿತ್ರಗಳನ್ನು ಮೆಚ್ಚಿ ಬರೆದರು. ಟೇಲರರ ಸಿದ್ಧಾಂತವೋ, ಆ ಗೋರಿಗಳು ಶಕರವರೆಂದೂ ಯೂರೋಪಿನ ಕೆಲ್ಟರ ಬಂಧುಗಳವರೆಂದೂ ಹೊರಟಿದ್ದಿತು; ಅದನ್ನು ಈಗ ಯಾರೂ ಹಿಡಿದಿಲ್ಲ. ಚಿತ್ರಗಳು ನಿಂತುವು.

ಅಂತರ್ಜಾಲ ಪತ್ರಿಕೆಯ ಉದ್ದೇಶಕ್ಕೆ ಇನ್ನೂ ಸಮೀಪವಾದ ದೃಷ್ಟಾಂತವು ಹೊರದೇಶದ್ದು. ಕ್ರೀಟ್ ದ್ವೀಪದ ಕ್ನೋಸಸಿನಲ್ಲಿ ೧೯೦೦ರಿಂದ ಆರ್ಥರ್ ಇವಾನ್ಸರು ಅಗೆದು ತೆಗೆದ ಮಣ್ಣಿನ ಹಲಗೆಗಳ ಮೇಲೆ ಯಾರೂ ಅರಿಯದ ಲಿಪಿಯೊಂದಿತ್ತು. ಇವಾನ್ಸರು ಅವುಗಳಲ್ಲಿ ಬಹುಪಾಲನ್ನು ಪ್ರಕಟಿಸದೆಯೇ ೧೯೪೧ರಲ್ಲಿ ತೀರಿಕೊಂಡರು. ಸಂಪುಟವು ಹೊರಬಂದುದು ೧೯೫೨ರಲ್ಲಿ. ಅರ್ಧ ಶತಮಾನದ ಕಾಲ ಜಗತ್ತಿನ ಪಂಡಿತರು ಕೈ ಕಟ್ಟಿ ಕುಳಿತಿರಬೇಕಾಯಿತು. ಅಷ್ಟರಲ್ಲಿ ಗ್ರೀಸಿನ ಪೈಲೋಸಿನಲ್ಲಿ ಅದೇ ಲಿಪಿಯ ಹಲಗೆಗಳು ದೊರೆತು, ೧೯೫೧ರಲ್ಲಿ ಅಚ್ಚಾದುವು. ಮರುವರ್ಷವೇ ಲಿಪಿಯನ್ನು ಬಿಡಿಸಿದವರು ಮೈಕೇಲ್ ವೆಂಟ್ರಿಸ್; ಮನೆಗಳ ನಕ್ಷೆ ಬರೆಯುವ ವೃತ್ತಿಯವರು. ಅವರು ಬಳಸಿದ ಉಪಾಯವನ್ನು ನೋಡಬೇಕು. ೧೯೫೧ರ ಆರಂಭದಿಂದ ಮುಂದಿನ ವರ್ಷದ ಜೂನಿನವರೆಗೆ ಅವರು ತಮ್ಮ ವಿಚಾರಗಳನ್ನು ಇಪ್ಪತ್ತು ಟಿಪ್ಪಣಿಗಳಾಗಿ ಪ್ರತಿಮಾಡಿಸಿ, ಹಲವು ದೇಶಗಳಲ್ಲಿದ್ದ ಕೆಲವೇ ವಿದ್ವಾಂಸರಿಗೆ ಅಂಚೆಯಲ್ಲಿ ಹಂಚಿದರು. ಆ ಭಾಷೆಯು ಎಟ್ರುಸ್ಕನರ ಭಾಷೆಯ ಸಂಬಂಧಿಯೆಂದು ಅವರು ಬಹುಕಾಲ ನಂಬಿದ್ದರು. ಗ್ರೀಕ್ ಇರಬಹುದೇ ಎಂಬ ಕೊನೆಯ ಟಿಪ್ಪಣಿಯನ್ನು ವಿನೋದದ ಅಡ್ಡಮಾತೆಂಬಂತೆ ಕಳುಹಿಸಿದರು. ಆ ಅಡ್ಡಮಾತೇ ನಿಜವಾಯಿತು. ಹಳೆಯ ಹತ್ತೊಂಬತ್ತು ಟಿಪ್ಪಣಿಗಳನ್ನು ಅವರು ಹಿಂದಕ್ಕೆ ತರಿಸಿ ಸುಟ್ಟುಹಾಕಲಿಲ್ಲ. ಅವರು ಎಡವಿದ ಹೆಜ್ಜೆಗಳೂ ನಡೆದ ಹೆಜ್ಜೆಗಳೂ ಇಂದಿಗೂ ಒಟ್ಟಿಗೆ ಕಾಣುವುವು.

ಈಗ ಪೂರ್ವಪಕ್ಷದ ಅರ್ಧ ಸತ್ಯಕ್ಕೆ ಬರಬಹುದು. ಹವ್ಯಾಸಿಯು ಮಾಡಬಲ್ಲ ಕೇಡೂ ಸಣ್ಣದಲ್ಲ. ವ್ಯಾಪಾರದಲ್ಲಿ ಹಣ ಮಾಡಿ ಟ್ರಾಯ್ ನಗರವನ್ನು ಹುಡುಕ ಹೊರಟ ಷ್ಲೀಮನ್ನರು ಹೋಮರನ ಕಾಲವನ್ನು ಮುಟ್ಟುವ ಆತುರದಲ್ಲಿ ಆ ಕಾಲದ ಪದರಗಳನ್ನೇ ಅಗೆದು ಎಸೆದರು. ಇಂಗ್ಲೆಂಡಿನ ಪಿಲ್ಟ್‌ಡೌನಿನಲ್ಲಿ ಡಾಸನ್ ಎಂಬ ವಕೀಲನು ೧೯೧೨ರಲ್ಲಿ ಆದಿಮಾನವನ ತಲೆಬುರುಡೆಯನ್ನು ಕಂಡುಹಿಡಿದನೆಂದು ಲೋಕವೆಲ್ಲ ನಂಬಿತು. ಅದು ಮನುಷ್ಯನ ಬುರುಡೆಗೆ ಕೋತಿಯ ದವಡೆಯನ್ನು ಸೇರಿಸಿದ ಮೋಸವೆಂದು ಬಯಲಾದುದು ೧೯೫೩ರಲ್ಲಿ. ಆ ಮೋಸವು ನಲವತ್ತೊಂದು ವರ್ಷ ಬಾಳಿದುದು ಹೇಗೆ? ನೋಡಬಯಸಿದ ವಿದ್ವಾಂಸರಲ್ಲಿ ಹೆಚ್ಚಿನವರಿಗೆ ದೊರೆಯುತ್ತಿದ್ದುದು ಅಚ್ಚಿನಲ್ಲಿ ಎರೆದ ನಕಲು ಮಾತ್ರ. ಮೂಲದ ಮೂಳೆಯು ವಸ್ತುಸಂಗ್ರಹಾಲಯದ ಬೀಗದೊಳಗಿತ್ತು. ಹವ್ಯಾಸಿಯು ಮೋಸ ಮಾಡಿದನೆಂಬುದು ಕಥೆಯ ಒಂದು ಭಾಗ. ಪಂಡಿತರು ಬಾಗಿಲು ಮುಚ್ಚಿಕೊಂಡಿದ್ದರೆಂಬುದು ಇನ್ನೊಂದು ಭಾಗ.

ಇನ್ನು ಕನ್ನಡದಲ್ಲಿ ಹವ್ಯಾಸಿಗಳು ಸಾಧಾರಣವಾಗಿ ಬರೆಯುತ್ತಿರುವ ಲೇಖನಗಳ ಗುಣದೋಷಗಳನ್ನು ಹೇಳದೆ ಬಿಟ್ಟರೆ ವಿಮರ್ಶೆಯು ಮುಖಸ್ತುತಿಯಾದೀತು. ಅವುಗಳ ಮೊದಲ ದೋಷವು “ಅತ್ಯಂತ ಪ್ರಾಚೀನ” ಎಂಬ ಶಬ್ದದ ಮೇಲಿನ ಮೋಹ. ತನ್ನ ಊರಿನ ಕಲ್ಲು ನಾಡಿಗೇ ಮೊದಲನೆಯದಾಗಬೇಕು; ಎರಡನೆಯದಾದರೆ ಅದಕ್ಕೆ ಬೆಲೆಯಿಲ್ಲ. ೧೯೩೬ರಲ್ಲಿ ಎಂ. ಎಚ್. ಕೃಷ್ಣರವರು ಬೆಳಕಿಗೆ ತಂದ ಹಲ್ಮಿಡಿಯ ಶಾಸನದಲ್ಲಿ ಇಸವಿಯ ನಿರ್ದೇಶವಿಲ್ಲ. ಸುಮಾರು ೪೫೦ರದೆಂಬುದು ಲಿಪಿಯಿಂದಲೂ ಸಂದರ್ಭದಿಂದಲೂ ಮಾಡಿದ ಊಹೆ. ತಾಳಗುಂದದಲ್ಲಿ ದೊರೆತ ಬರಹವನ್ನು ಅದಕ್ಕಿಂತ ಹಿಂದಿನದೆಂದು ಹೇಳುವವರೂ ಉಂಟು. ಇಂಥ ಕಡೆ “ಸುಮಾರು” ಎಂಬ ಮಾತು ಎಷ್ಟು ಅವಶ್ಯಕವೋ ಅಷ್ಟೇ ಸುಲಭವಾಗಿ ಹವ್ಯಾಸಿಗಳ ಲೇಖನಿಯಿಂದ ಜಾರಿಹೋಗುವುದು. ಎರಡನೆಯದು ಊರ ಹೆಸರುಗಳ ವ್ಯುತ್ಪತ್ತಿ. ವೀರಬಲ್ಲಾಳನು ಮುದುಕಿಯ ಮನೆಯಲ್ಲಿ ಬೆಂದ ಕಾಳನ್ನು ತಿಂದುದರಿಂದ ಬೆಂಗಳೂರಾಯಿತೆಂಬ ಕಥೆಯನ್ನು ಕೇಳದವರಿಲ್ಲ. ಬೇಗೂರಿನ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಆ ಬಲ್ಲಾಳನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಹೇಳಿಬಿಟ್ಟಿದೆ. ಕಥೆಯು ಮಾತ್ರ ಇನ್ನೂ ಸುಖವಾಗಿದೆ. ಮೂರನೆಯದು “ಇತಿಹಾಸಕಾರರ ಅಭಿಪ್ರಾಯದಂತೆ” ಎಂಬ ಮಾತು. ಯಾವ ಇತಿಹಾಸಕಾರರು, ಯಾವ ಗ್ರಂಥದಲ್ಲಿ, ಯಾವ ಪುಟದಲ್ಲಿ? ಶಬ್ದಪ್ರಮಾಣವು ಆಪ್ತವಾಕ್ಯವಾಗಿರಬೇಕೆಂದು ಶಾಸ್ತ್ರ, ಹೆಸರಿಲ್ಲದವನು ಆಪ್ತನಾಗುವುದೆಂತು?

ಇವೆಲ್ಲಕ್ಕಿಂತ ಹೆಚ್ಚಿನ ದೋಷವೊಂದುಂಟು. ಸವೆದ ಶಾಸನದ ಅಕ್ಷರಗಳು ಚಿತ್ರದಲ್ಲಿ ಕಾಣಲೆಂದು ಅನೇಕರು ಅಕ್ಷರದ ಗೆರೆಗಳಲ್ಲಿ ಸೀಮೆಸುಣ್ಣವನ್ನೋ ಹಿಟ್ಟನ್ನೋ ತುಂಬುವರು. ಮಕಾರವೋ ವಕಾರವೋ ತಿಳಿಯದ ಕಡೆಯಲ್ಲಿ ತುಂಬುವವನ ಬೆರಳೇ ತೀರ್ಪು ಕೊಟ್ಟುಬಿಡುವುದು. ಆ ಚಿತ್ರವನ್ನು ನೋಡುವವನು ಕಲ್ಲನ್ನು ನೋಡಿದಂತಾಗದೆ ಚಿತ್ರ ತೆಗೆದವನ ಮನಸ್ಸನ್ನು ನೋಡಿದಂತಾಗುವುದು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ತಟ್ಟಿ, ಮಸಿಯೊತ್ತಿ ತೆಗೆಯುವ ಪಡಿಯಚ್ಚಿಗೆ ಅಭ್ಯಾಸ ಬೇಕು. ಅದು ಬಾರದವರು ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಯ ಪಟ್ಟಿಯನ್ನಿಟ್ಟು, ನಾಲ್ಕು ದಿಕ್ಕುಗಳಿಂದ ಚಿತ್ರ ತೆಗೆದರೆ ಸಾಕು. ಕಲ್ಲಿನ ಮೂರು ಆಯಾಮಗಳನ್ನೂ ಅಳೆದು ಪ್ರತಿಮಾಡುವ ಯಂತ್ರಗಳೂ ಈಗ ಬಂದಿವೆ. ೨೦೨೧ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯು ಆ ಸುತ್ತಿನ ಶಾಸನಗಳನ್ನು ಹಾಗೆ ಪ್ರತಿಮಾಡುವ ಕೆಲಸವನ್ನು ಕೈಗೊಂಡಿತು. ಹವ್ಯಾಸಿಗಳಿಂದ ಎಂಥ ಕೆಲಸವಾಗಬಹುದೆಂಬುದಕ್ಕೆ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ನಿದರ್ಶನ. ಗಂಗ ಶ್ರೀಪುರುಷನ ಕಾಲದ, ಸುಮಾರು ೭೫೦ರ ಆ ಕಲ್ಲು ೨೦೧೮ರಲ್ಲಿ ಕಣ್ಣಿಗೆ ಬಿದ್ದಾಗ ಅದನ್ನು ಉಳಿಸಿಕೊಂಡವರಲ್ಲಿ ಆ ಊರಿನ ಜನರೂ ಶಾಸನಪ್ರಿಯರಾದ ನಾಗರಿಕರೂ ಮುಂದಾಗಿದ್ದರು. ಜೆ.ಸಿ.ಬಿ. ಯಂತ್ರದ ಬಾಯಿಗೆ ಸಿಕ್ಕಿದ ಕಲ್ಲುಗಳಿಗೆ ಆ ಭಾಗ್ಯವಿಲ್ಲ. ಇಲಾಖೆಯ ವಿದ್ವಾಂಸರು ಎಲ್ಲ ಬಡಾವಣೆಗಳ ತಳಪಾಯದ ಬಳಿಯಲ್ಲಿಯೂ ನಿಂತಿರಲಾರರು. ಅಲ್ಲಿರುವವನು ಆ ಊರಿನ ಹವ್ಯಾಸಿಯೇ.

ಅಂತರ್ಜಾಲವೆಂಬ ಮಾಧ್ಯಮದ ವಿಷಯ. ಪ್ರಿನ್ಸೆಪ್ಪರಿಗೆ ಒಂದು ಫಲಕಕ್ಕೆ ಎಷ್ಟು ದಿನಗಳು ಹಿಡಿದುವೋ, ಅಷ್ಟರಲ್ಲಿ ಇಂದಿನವರು ನೂರು ಚಿತ್ರಗಳನ್ನು ಸೇರಿಸಬಲ್ಲರು. ಓದುಗನು ಒಂದೊಂದು ಅಕ್ಷರವನ್ನೂ ಹಿಗ್ಗಿಸಿ ನೋಡಬಲ್ಲನು. ಈ ಅನುಕೂಲಕ್ಕೆ ಎಣೆಯಿಲ್ಲ. ಆದರೆ ಅಚ್ಚಿನ ಪತ್ರಿಕೆಗಿಲ್ಲದ ಒಂದು ಪ್ರಲೋಭನವು ಇಲ್ಲಿದೆ: ತಪ್ಪನ್ನು ಯಾರಿಗೂ ತಿಳಿಯದಂತೆ ಅಳಿಸಿಬಿಡಬಹುದು. ಓಲೆಗರಿಯಲ್ಲಿ ತಪ್ಪಕ್ಷರವನ್ನು ಹೊಡೆದುಹಾಕಿದರೆ ಕಂಟದ ಗೆರೆಯಾದರೂ ಉಳಿಯುವುದು. ಅಂತರ್ಜಾಲದ ಪುಟದಲ್ಲಿ ಗೆರೆಯೂ ಉಳಿಯದು. ನಿನ್ನೆ ಒಬ್ಬನು ಓದಿ ಉದಾಹರಿಸಿದ ವಾಕ್ಯವು ಇಂದು ಅಲ್ಲಿಲ್ಲವೆಂದರೆ ವಾದವೇ ಅಸಾಧ್ಯವಾಗುವುದು. ಆದುದರಿಂದ ಒಮ್ಮೆ ಪ್ರಕಟವಾದ ಲೇಖನವು ಹಾಗೆಯೇ ನಿಲ್ಲಬೇಕು. ತಿದ್ದುಪಡಿಯು ಅದರ ಕೆಳಗೆ, ದಿನಾಂಕದೊಡನೆ, ತಿದ್ದಿದವನ ಹೆಸರಿನೊಡನೆ ಬರಬೇಕು. ಇನ್ನೊಂದು ಭಯವೆಂದರೆ ಪತ್ರಿಕೆಯೇ ಮಾಯವಾಗುವುದು. ಅಂತರ್ಜಾಲದ ಸ್ಥಳಕ್ಕೆ ವರ್ಷ ವರ್ಷವೂ ಬಾಡಿಗೆ ತೆರಬೇಕು. ಉತ್ಸಾಹಿಗಳಲ್ಲಿ ಒಬ್ಬರಿಗೆ ವರ್ಗವಾಗಿ, ಇನ್ನೊಬ್ಬರಿಗೆ ಮುಪ್ಪಾಗಿ ಬಾಡಿಗೆ ನಿಂತರೆ ಹತ್ತು ವರ್ಷದ ಸಂಚಿಕೆಗಳು ಒಂದು ರಾತ್ರಿಯಲ್ಲಿ ಹೋಗುವುವು. ಮಂಜೇಶ್ವರದ ಗೋವಿಂದ ಪೈಗಳ ಸಂಶೋಧನ ಲೇಖನಗಳು ಎಷ್ಟೋ ಪತ್ರಿಕೆಗಳಲ್ಲಿ ಹರಡಿಹೋಗಿದ್ದುವು. ೧೯೬೩ರಲ್ಲಿ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅವುಗಳನ್ನು ಕೂಡಿಸಿ ಸಂಪುಟ ಮಾಡಲು ಸಾಧ್ಯವಾದುದು, ಯಾರದೋ ಅಟ್ಟದ ಮೇಲೆ, ಯಾವುದೋ ವಾಚನಾಲಯದ ಬೀರುವಿನಲ್ಲಿ ಕಾಗದವು ಉಳಿದಿದ್ದುದರಿಂದ. ವರ್ಷಕ್ಕೊಮ್ಮೆಯಾದರೂ ಸಂಚಿಕೆಗಳನ್ನೆಲ್ಲ ಕಾಗದದ ಮೇಲೆ ಇಳಿಸಿ ನಾಲ್ಕಾರು ಗ್ರಂಥಾಲಯಗಳಿಗೆ ಕೊಟ್ಟಿಡುವ ಏರ್ಪಾಡಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಸಂಪಾದಕನು ಇನ್ನೊಂದು ಸಂಕಟವನ್ನೂ ಎದುರಿಸಬೇಕಾಗುವುದು. ಕಲ್ಲು ಎಲ್ಲಿದೆಯೆಂಬುದನ್ನು ಹೇಳದ ಲೇಖನವು ಪ್ರಮಾಣವಾಗದು. ಹೇಳಿದರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತಾಗಬಹುದು. ಲಿಂಗದ ಕೆಳಗೆ, ನಂದಿಯ ಕೆಳಗೆ ಹೊನ್ನಿದೆಯೆಂಬ ಮೂಢನಂಬಿಕೆಯಿಂದ ಒಡೆದ ವಿಗ್ರಹಗಳನ್ನು ಹಳ್ಳಿಗಾಡಿನಲ್ಲಿ ತಿರುಗಿದವರೆಲ್ಲ ಕಂಡಿರುವರು. ಇದಕ್ಕೆ ಮಧ್ಯಮ ಮಾರ್ಗವುಂಟು: ಪ್ರಕಟಣೆಯಲ್ಲಿ ಗ್ರಾಮ ಹೋಬಳಿಗಳ ಹೆಸರು ಸಾಕು, ಅಂಗುಲದಷ್ಟು ನಿಖರವಾದ ಸ್ಥಳನಿರ್ದೇಶವು ಸಂಪಾದಕರ ದಫ್ತರದಲ್ಲಿಯೂ ಇಲಾಖೆಯಲ್ಲಿಯೂ ಇರಲಿ, ಕೇಳಿದ ವಿದ್ವಾಂಸರಿಗೆ ದೊರೆಯಲಿ. ಅಗೆತವನ್ನಂತೂ ಹವ್ಯಾಸಿಯು ಕನಸಿನಲ್ಲಿಯೂ ಎಣಿಸಕೂಡದು. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ವಿಧಿಯು ೧೮೭೮ರಷ್ಟು ಹಿಂದೆಯೇ ಆಗಿದೆ. ಪುರಾತನ ವಸ್ತುಗಳ ಸ್ವಾಮ್ಯ ಮಾರಾಟಗಳ ವಿಷಯದಲ್ಲಿ ೧೯೭೨ರ ವಿಧಿಯಿದೆ. ತಾವು ಪಾಲಿಸುವುದಲ್ಲದೆ, ಅನಧಿಕೃತವಾಗಿ ಅಗೆದು ಪಡೆದ ವಸ್ತುವಿನ ಲೇಖನವನ್ನು ಹಿಂದಿರುಗಿಸುವ ಎದೆಗಾರಿಕೆಯೂ ಸಂಪಾದಕರಿಗೆ ಬೇಕು.

ಹೆಸರಿನ ಪ್ರಶ್ನೆ ಚಿಕ್ಕದೆಂದು ತೋರಬಹುದು, ಆದರೆ ಎಷ್ಟೋ ಮಂದಿ ಹವ್ಯಾಸಿಗಳು ಮೌನಿಗಳಾಗಿರುವುದು ಇದರಿಂದಲೇ. ಹೊಲದಲ್ಲಿ ಕಲ್ಲನ್ನು ಮೊದಲು ಕಂಡವನು ರೈತ, ಅದನ್ನು ತೊಳೆದು ಸುದ್ದಿ ಕೊಟ್ಟವನು ಊರ ಮೇಷ್ಟರು, ಮುಂದೆ ಗ್ರಂಥದಲ್ಲಿ ಕಾಣುವುದು ಇನ್ನಾರದೋ ಹೆಸರು. ಮಸ್ಕಿಯ ಬಂಡೆಯೊಡನೆ ಬೀಡನ್ನನ ಹೆಸರು ನೂರು ವರ್ಷಗಳಾದರೂ ಉಳಿದಿದೆ. ಅದನ್ನು ಓದಿದ ಶಾಸ್ತ್ರಿಗಳ ಕೀರ್ತಿಗೆ ಅದರಿಂದ ಎಳ್ಳಷ್ಟೂ ಕುಂದಾಗಲಿಲ್ಲ. ಹೊಸ ಪತ್ರಿಕೆಯು ಪ್ರತಿಯೊಂದು ಲೇಖನದ ತಲೆಯಲ್ಲಿ ಕಂಡವರು ಯಾರು, ಪ್ರತಿ ತೆಗೆದವರು ಯಾರು, ಓದಿದವರು ಯಾರು ಎಂದು ಬೇರೆ ಬೇರೆಯಾಗಿ ಬರೆಯುವುದಾದರೆ, ದೊಡ್ಡ ದೊಡ್ಡ ಸಂಪುಟಗಳು ಮಾಡದ ನ್ಯಾಯವನ್ನು ಮಾಡಿದಂತಾಗುವುದು.

ಭಾಷೆಯು ಕನ್ನಡವೇ ಆಗಿರಬೇಕೆಂಬುದನ್ನು ವಾದಿಸಬೇಕಾದುದಿಲ್ಲ. ಶಾಸನವಿರುವುದು ಕನ್ನಡದಲ್ಲಿ, ಅದನ್ನು ಕಾಯಬೇಕಾದವನು ಓದುವುದು ಕನ್ನಡ. ಹೊರಗಿನ ವಿದ್ವಾಂಸರಿಗಾಗಿ ಕೊನೆಯಲ್ಲಿ ಇಂಗ್ಲಿಷಿನ ಸಾರಾಂಶವಿದ್ದರೆ ಸಾಕು. ೧೯೦೯ರ ಮಿಥಿಕ್ ಸೊಸೈಟಿಯ ಪತ್ರಿಕೆಯು ಬಹುಕಾಲ ಇಂಗ್ಲಿಷಿನಲ್ಲಿ ನಡೆದುದಕ್ಕೆ ಆ ಕಾಲದ ಕಾರಣಗಳಿದ್ದುವು.

ಮೊದಲ ಸಂಚಿಕೆಯಲ್ಲಿ ಏನಿರಬೇಕೆಂದು ಕೇಳಿದರೆ, ಮಹಾಪ್ರಬಂಧಗಳು ಬೇಡವೆಂದೇ ಹೇಳಬೇಕು. ರೈಸ್ ಸಾಹೇಬರ ಕೋಲಾರ ಜಿಲ್ಲೆಯ ಸಂಪುಟವೂ ಬೆಂಗಳೂರು ಜಿಲ್ಲೆಯ ಸಂಪುಟವೂ ೧೯೦೫ರಲ್ಲಿ ಅಚ್ಚಾದುವು. ತಾಲ್ಲೂಕು ತಾಲ್ಲೂಕಾಗಿ ಶಾಸನಗಳಿಗೆ ಸಂಖ್ಯೆ ಕೊಟ್ಟಿದೆ. ಅವುಗಳಲ್ಲಿ ಒಂದು ತಾಲ್ಲೂಕನ್ನು ಆರಿಸಿಕೊಂಡು, ಸಂಖ್ಯೆಯ ಕ್ರಮದಲ್ಲಿ, ಈ ಕಲ್ಲು ಇದ್ದಲ್ಲಿಯೇ ಇದೆಯೇ, ಸ್ಥಳ ಬದಲಾಗಿದೆಯೇ, ಒಡೆದಿದೆಯೇ, ಇಲ್ಲವೇ ಇಲ್ಲವೇ ಎಂದು ನೋಡಿ ಬರೆಯಬೇಕು. ಪ್ರತಿಯೊಂದಕ್ಕೂ ಓರೆ ಬೆಳಕಿನ ಚಿತ್ರ, ಎತ್ತರ ಅಗಲಗಳ ಅಳತೆ, ನೋಡಿದ ದಿನ, ನೋಡಿದವರ ಹೆಸರು. ರೈಸರ ಪಾಠಕ್ಕೂ ಕಲ್ಲಿನ ಅಕ್ಷರಕ್ಕೂ ವ್ಯತ್ಯಾಸ ಕಂಡರೆ ಅದನ್ನು ಬೇರೆ ಕಲಂನಲ್ಲಿ ಬರೆಯಬೇಕು. ಯಾವುದು ಸರಿಯೆಂಬುದನ್ನು ಎರಡನೆಯ ಸಂಚಿಕೆಗೆ ಬಿಡಬಹುದು. ಇದಕ್ಕೆ ನಾಲ್ಕು ಜನರೂ ಎರಡು ಬೈಸಿಕಲ್ಲುಗಳೂ ಸಾಕು. ಪೈರು ಕೊಯ್ದು ಹೊಲಗಳು ತೆರವಾದ ಮೇಲೆ ಪುಷ್ಯಮಾಸದಲ್ಲಿ ಹೊರಟರೆ ಯುಗಾದಿಯ ಹೊತ್ತಿಗೆ ಒಂದು ತಾಲ್ಲೂಕು ಮುಗಿಯುವುದು.